ಜರ್ಮೇನ್ ಕ್ರುಲ್ : ನೆಲೆಯಿಲ್ಲದವಳ ನೋಟ

ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಗೌತಮ ರಥದ ಗಾಲಿಯ ಬಳಿ ನಿಂತು ಕತ್ತೆತ್ತಿ ನೋಡಿದವರು ಶ್ರೋತೃಗಳಲ್ಲಿ ಅನೇಕರಿರಬಹುದು. ದೂರದಿಂದ ಅದು ಅಲಂಕೃತವಾದ ತೇರು. ಬುಡದಿಂದ ನೋಡಿದರೋ ಆಕಾಶವನ್ನು ಮುಟ್ಟಹೊರಟ ಮರದ ತೊಲೆಗಳ ರಾಶಿ. ವಸ್ತು ಒಂದೇ, ನಿಂತ ನೆಲೆ ಬೇರೆ. ಈ ಸಣ್ಣ ಸತ್ಯವನ್ನೇ ಕಲೆಯನ್ನಾಗಿ ಮಾಡಿಕೊಂಡ ಜರ್ಮನ್ ಮಹಿಳೆಯೊಬ್ಬಳ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇನೆ.

ಜರ್ಮೇನ್ ಕ್ರುಲ್ ಹುಟ್ಟಿದ್ದು ೧೮೯೭ರಲ್ಲಿ, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಪೋಸೆನ್ ನಗರದ ಬಳಿ. ಮ್ಯೂನಿಕ್ಕಿನಲ್ಲಿ ಛಾಯಾಚಿತ್ರ ವಿದ್ಯೆಯನ್ನು ಕಲಿತು, ೧೯೧೮ರಲ್ಲಿ ಅಲ್ಲಿಯೇ ಸ್ವಂತ ಸ್ಟುಡಿಯೋ ತೆರೆದಳು. ಕ್ರಾಂತಿಯ ರಾಜಕೀಯದಲ್ಲಿ ತೊಡಗಿದ್ದ ಕಾರಣ ೧೯೨೦ರಲ್ಲಿ ಬವೇರಿಯ ಪ್ರಾಂತವು ಅವಳನ್ನು ಹೊರದೂಡಿತು. ಬಹು ಆಶೆಯಿಂದ ರಷ್ಯಕ್ಕೆ ಹೋದಳು. ಅಲ್ಲಿ ದೊರೆತದ್ದು ಸೆರೆಮನೆ, ಅನಂತರ ಗಡೀಪಾರು. ೧೯೨೭ರಲ್ಲಿ ಡಚ್ ಚಲಚ್ಚಿತ್ರಕಾರ ಯೋರಿಸ್ ಈವನ್ಸನನ್ನು ವಿವಾಹವಾದುದರಿಂದ ಅವಳಿಗೆ ಡಚ್ ರಹದಾರಿ ಲಭಿಸಿತು.

೧೯೨೮ರಲ್ಲಿ ಪ್ಯಾರಿಸ್ಸಿನಿಂದ ಹೊರಟ ‘ಮೆತಾಲ್’, ಎಂದರೆ ‘ಲೋಹ’, ಎಂಬ ೬೪ ಚಿತ್ರಗಳ ಸಂಪುಟ ಅವಳಿಗೆ ಕೀರ್ತಿಯನ್ನು ತಂದಿತು. ಸೇತುವೆಗಳು, ಬಂದರಿನ ಭಾರವೆತ್ತುವ ಯಂತ್ರಗಳು, ಐಫೆಲ್ ಗೋಪುರ ಇವೇ ಅದರ ವಸ್ತುಗಳು. ಗೋಪುರವನ್ನು ದೂರದಿಂದ ಇಡಿಯಾಗಿ ತೋರಿಸದೆ, ಅದರೊಳಹೊಕ್ಕು ಕಬ್ಬಿಣದ ಹೆಣಿಗೆಯನ್ನೇ ಆಕೆ ತೋರಿಸಿದಳು. ಆದರೆ ಅವಳ ಕಣ್ಣು ಕಬ್ಬಿಣದಲ್ಲಿಯೇ ನಿಲ್ಲಲಿಲ್ಲ. ಅದೇ ವರ್ಷ ಆರಂಭವಾದ ‘ವ್ಯೂ’ ಪತ್ರಿಕೆಗಾಗಿ ಪ್ಯಾರಿಸ್ಸಿನ ಬೀದಿಗಳಲ್ಲಿ ಮಲಗುವ ನಿರ್ಗತಿಕರ ಚಿತ್ರಗಳನ್ನೂ ತೆಗೆದಳು.

ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದ ಬ್ರಾಝಾವಿಲಿನಲ್ಲಿ ಸ್ವತಂತ್ರ ಫ್ರಾನ್ಸ್ ಪಕ್ಷದ ಛಾಯಾಚಿತ್ರ ಶಾಖೆಯನ್ನು ನಡೆಸಿದಳು. ಯುದ್ಧಾನಂತರ ಬ್ಯಾಂಕಾಕಿನ ಓರಿಯೆಂಟಲ್ ಹೋಟೆಲಿನ ಪಾಲುದಾರಳಾಗಿ ಸುಮಾರು ಇಪ್ಪತ್ತು ವರ್ಷ ಅದನ್ನು ನೋಡಿಕೊಂಡಳು. ಕೊನೆಗೆ ಉತ್ತರ ಭಾರತಕ್ಕೆ ಬಂದು ನಿರಾಶ್ರಿತ ಟಿಬೆಟಿಯನ್ನರ ನಡುವೆ ನೆಲಸಿದಳು. ೧೯೬೮ರಲ್ಲಿ ಅವರನ್ನು ಕುರಿತ ಅವಳ ಚಿತ್ರಗ್ರಂಥ ಪ್ರಕಟವಾಯಿತು. ೧೯೮೫ರಲ್ಲಿ ಜರ್ಮನಿಯ ವೆಟ್ಜ್ಲಾರಿನಲ್ಲಿ ತೀರಿಕೊಂಡಳು.

ಈ ಟಿಬೆಟಿಯನ್ನರು ನಮಗೇನೂ ಪರಕೀಯರಲ್ಲ. ೧೯೬೦ರ ಸುಮಾರಿನಲ್ಲಿ ಅಂದಿನ ಮೈಸೂರು ಸರ್ಕಾರವು ನಮ್ಮ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಅವರಿಗೆ ಜಮೀನು ಕೊಟ್ಟಿತು. ಅಲ್ಲಿಗೆ ಹೋಗುವ ನಾವು ಬಹುಮಟ್ಟಿಗೆ ಬಂಗಾರದ ಬುದ್ಧವಿಗ್ರಹಗಳ ಚಿತ್ರ ತೆಗೆದುಕೊಂಡು ಹಿಂದಿರುಗುತ್ತೇವೆ. ಆ ಹೊಲಗಳನ್ನು ಉತ್ತ ಕೈಗಳನ್ನು ನೋಡಿದವರೆಷ್ಟು ಮಂದಿ?

ನೆಲೆ ತಪ್ಪಿದವರನ್ನು ನೋಡುವಾಗ ಕನಿಕರ ಸುಲಭ, ಕುತೂಹಲ ಇನ್ನೂ ಸುಲಭ. ಸಮಾನತೆಯಿಂದ ನೋಡುವುದು ಕಷ್ಟ. ಎರಡು ರಾಜ್ಯಗಳಿಂದ ಹೊರದೂಡಲ್ಪಟ್ಟ ಕ್ರುಲ್ ಅವರ ನಡುವೆ ಅತಿಥಿಯಾಗಿ ಬಂದುಹೋಗಲಿಲ್ಲ, ವಾಸವಾಗಿದ್ದಳು. ಮಾರ್ಗದ ದೂರವನ್ನು ಕ್ರಮಿಸುವುದಕ್ಕಿಂತ ಈ ಅಂತರವನ್ನು ದಾಟುವುದೇ ದೊಡ್ಡ ಪ್ರಯಾಣವೆಂದು ನನಗೆ ತೋರುತ್ತದೆ.

ನಂಜನಗೂಡನ್ನು ಹಾದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವಾಗ, ಎಲ್ಲಿಂದ ಬಂದೆಯೆಂದು ಕಾವೇರಿ ಕೇಳುವುದಿಲ್ಲ. ಮನುಷ್ಯರ ನಾಡುಗಳು ಕೇಳುತ್ತವೆ, ರಹದಾರಿಯನ್ನು ಬೇಡುತ್ತವೆ. ಹಾಗೆ ಕೇಳಿಸಿಕೊಂಡವಳೊಬ್ಬಳು ಹೇಗೆ ನೋಡಿದಳೆಂಬುದನ್ನು ಶ್ರೋತೃಗಳು ಒಮ್ಮೆ ಮನಸ್ಸಿಗೆ ತಂದುಕೊಂಡರೆ ನನ್ನ ಶ್ರಮ ಸಾರ್ಥಕ.