ತಡೆದು ಬರುವ ಮಾತು



ನಮ್ಮ ಇಲವಾಲ ಹುಣಸೂರು ರಸ್ತೆಯ ಮೇಲಿದೆ. ಬೆಳಗಾದರೆ ಬಸ್ಸಿಗೆ ನಿಂತವರೆಲ್ಲ ಅವಸರದ ಮಾತಿನವರು. ಅವರ ನಡುವೆ ನನ್ನದೊಂದು ನಿಧಾನದ ಮಾತು. ನನಗೆ ಲಕ್ವ ಹೊಡೆದಿತ್ತು. ಬಲಗೈ ಸೋತಿತು, ಜೊತೆಗೆ ಮಾತೂ ಹೋಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಹಲವರಿಗೆ ಹೀಗಾಗುತ್ತದೆ. ಚೊಂಬು ಕಣ್ಣೆದುರೇ ಇರುತ್ತದೆ, ಹೆಸರು ಮಾತ್ರ ಬಾಯಿಗೆ ಬರದು. ಬುದ್ಧಿ ಎಲ್ಲಿಗೂ ಹೋಗಿರುವುದಿಲ್ಲ. ನೆಂಟರಿಗೆ ಇದನ್ನು ತಿಳಿಸುವುದೇ ಕಷ್ಟ! ಇನ್ನೊಂದು ವಿಚಿತ್ರ. ಮಾತು ಬಾರದವರು ಎಷ್ಟೋ ಸಲ ಹಳೆಯ ಹಾಡನ್ನು ಸಲೀಸಾಗಿ ಹಾಡುತ್ತಾರೆ.

1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿ ಇಂಥವರಿಗೆ ಮಾತಿನ ಚಿಕಿತ್ಸೆ ಕೊಡುತ್ತಾರೆ. ಉಳಿದ ಹೊತ್ತಿನ ಚಿಕಿತ್ಸೆ ಮನೆಯವರದು. ನಾನು 'ನೀ...' ಎನ್ನುವಷ್ಟರಲ್ಲಿ ನೀರು ಬಂದುಬಿಡುತ್ತಿತ್ತು. ಪ್ರೀತಿಯೇ, ಸರಿ. ಒಂದು ಗಳಿಗೆ ಕಾದಿದ್ದರೆ ಆ ಪದ ನನ್ನದಾಗುತ್ತಿತ್ತು. ಮೊಮ್ಮಗಳೊಬ್ಬಳೇ ಕಾಯುತ್ತಿದ್ದಳು.

ಕಾಯಬಾರದ ಹೊತ್ತೂ ಇದೆ. ಮುಖ ಓರೆಯಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ, ನಾಟಿ ಎಣ್ಣೆ ಹುಡುಕುತ್ತ ಕೂರಬೇಡಿ. ಗಡಿಯಾರ ನೋಡಿಕೊಳ್ಳಿ, 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು.