ಊರಿಗೆ ಬೇಲಿ, ಬೇಲಿಯೊಳಗೆ ರೊಟ್ಟಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದರೆ ಷೇರು ಎಷ್ಟು, ಠೇವು ಎಷ್ಟು, ಲಾಭಾಂಶ ಎಷ್ಟು ಎಂದು ಹೇಳುವ ದಿನ. ಆ ಲೆಕ್ಕವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾವು ಇನ್ನೊಂದು ಲೆಕ್ಕ ತೆಗೆಯುತ್ತೇವೆ. ಈ ಇಪ್ಪತ್ತೈದು ವರ್ಷದಾಗ ನಮ್ಮೂರು ತನ್ನ ಅಗಸಿಗೆ ತಾನೇ ಮುಳ್ಳಿನ ಬೇಲಿ ಹಚ್ಚಿದ್ದು ಒಂದೇ ಸಲ, 2020ರಲ್ಲಿ. ಆ ಬೇಲಿಯಿಂದ ಉಪಯೋಗ ಆಯಿತೋ ಇಲ್ಲವೋ ಎಂಬುದನ್ನು ನಾವು ಒಮ್ಮೆಯೂ ಕೂತು ವಿಚಾರ ಮಾಡಿಲ್ಲ.

ಬ್ಯಾನಿಗೆ ಅಂಜಿ ದೂರ ಇರುವುದು ನಮಗೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಮುಂದಿನ ವರ್ಷಗಳಲ್ಲಿ ಆ ಬ್ಯಾನಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಣ್ಣು ಮಾಡಿತು. "ಇಲಿ ಬಿದ್ದಾವ" ಎಂಬ ಸುದ್ದಿ ಬಂದರೆ ಸಾಕು, ಹಿರಿಯರು ಮನೆಗೆ ಕೀಲಿ ಹಾಕಿ, ಹೊಲದಾಗ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಪ್ಲೇಗನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕಂಡುಹಿಡಿದದ್ದು 1898ರಲ್ಲಿ. ಓದು ಬಾರದ ಹಿರಿಯರಿಗೆ ಆ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಇಲಿ ಸತ್ತ ಮನೆ ಬಿಡಬೇಕು ಅನ್ನುವುದು ಗೊತ್ತಿತ್ತು. ಅದರಿಂದ ಎಷ್ಟೋ ಜೀವ ಉಳಿದವು.

ಅದೇ ಕಾಲಕ್ಕೆ ಪುಣೆಯಲ್ಲಿ ಸರ್ಕಾರ ಸಿಪಾಯಿಗಳನ್ನು ಮನೆಯೊಳಗೆ ಹೊಗಿಸಿ, ರೋಗಿಗಳನ್ನು ಹುಡುಕಿ ಒಯ್ಯತೊಡಗಿತು. ಜನ ರೋಗಿಗಳನ್ನು ಮುಚ್ಚಿಡಲು ಕಲಿತರು. ಸಿಟ್ಟು ಎಲ್ಲಿಗೆ ಹೋಯಿತೆಂದರೆ, 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಮನಸ್ಸಿನಿಂದ ದೂರ ಇದ್ದವರಿಗೂ ಅಂಜಿಸಿ ದೂರ ಇಟ್ಟವರಿಗೂ ಇರುವ ಅಂತರ ಇದು.

ಬೇಲಿ ಪೂರಾ ಕೆಲಸ ಮಾಡಿದ ಊರೂ ಜಗತ್ತಿನಲ್ಲಿದೆ. 1918ರ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲೇ ಕೋಟಿಗೂ ಮಿಕ್ಕಿ ಜನರನ್ನು ಒಯ್ಯಿತು. ಆಗ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಪಶ್ಚಿಮ ಭಾಗದವರು ಒಂದು ಹಡಗನ್ನು ಕ್ವಾರಂಟೈನ್ ಇಲ್ಲದೆ ಬಿಟ್ಟುಕೊಂಡರು. ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು. ಬದಿಯ ಅಮೆರಿಕನ್ ಸಮೋವಾದವರು ಹಡಗು ತಡೆದರು. ಅಲ್ಲಿ ಆ ಜ್ವರದಿಂದ ಒಬ್ಬರೂ ಸಾಯಲಿಲ್ಲ. ಆದರೆ ಅದಕ್ಕೆ ಸುತ್ತಲೂ ಸಮುದ್ರ. ನಮಗೆ ಸುತ್ತಲೂ ರಸ್ತೆ. ಸಂಕೇಶ್ವರದ ಪೇಟೆ ಬೇಕು, ಗೋಕಾಕದ ದವಾಖಾನೆ ಬೇಕು, ಕಾರ್ಖಾನೆಗೆ ಕಬ್ಬು ಹೋಗಬೇಕು. ನಮ್ಮ ಬೇಲಿ ಬ್ಯಾನಿಯನ್ನು ಶಾಶ್ವತ ತಡೆಯಲಾರದು.

ಹಾಗಾದರೆ ಯಾಕೆ ಬೇಕು? ಸಂಘದ ಸದಸ್ಯರಿಗೆ ಇದನ್ನು ತಿಳಿಸುವುದು ಸುಲಭ. ಸಾಂಕ್ರಾಮಿಕ ಬ್ಯಾನಿ ಅಂದರೆ ಚಕ್ರಬಡ್ಡಿ. ಒಬ್ಬನಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಹಬ್ಬಿದರೆ ಹತ್ತನೆಯ ಸುತ್ತಿಗೆ 1024 ಮಂದಿ. ಅಸಲು ಸಣ್ಣದಿದ್ದಾಗ ತೀರಿಸಿದವನು ಗೆದ್ದ. ಬಡ್ಡಿ ಬೆಳೆದ ಮೇಲೆ ಹೊಲ ಮಾರಿದರೂ ತೀರದು. ಮೊದಲ ಸುತ್ತಿನಾಗ ಒಬ್ಬ ಮನುಷ್ಯ ಹದಿನಾಲ್ಕು ದಿನ ಬೇರೆ ಇದ್ದರೆ ಅವನ ಹಿಂದಿನ ಸಾಲೆಲ್ಲ ಕಡಿಯುತ್ತದೆ. ಬೇಲಿ ಔಷಧ ಅಲ್ಲ, ಅದು ವಾಯಿದೆ. ಲಸಿಕೆ ಬರುವ ತನಕ, ದವಾಖಾನೆಯಲ್ಲಿ ಹಾಸಿಗೆ ಸಿಗುವ ತನಕ ಪಡೆದ ವಾಯಿದೆ. ನಮ್ಮ ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಅಲ್ಲಿಯ ತನಕ ಬ್ಯಾನಿ ತಟ್ಟದೆ ಉಳಿದವನು ಗೆದ್ದನೆಂದೇ ಲೆಕ್ಕ.

ಈಗ ನಮ್ಮೂರ ಮಾತು. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ 21 ದಿನ ಬಂದಾಯಿತು. ಹಿಂದಿನ ಆಗಸ್ಟ್‌ನಲ್ಲಷ್ಟೇ ಘಟಪ್ರಭೆಯ ಮಹಾಪೂರ ಕಂಡ ಜನ ನಾವು. ಗೋಡೆ ಇನ್ನೂ ಒಣಗಿರಲಿಲ್ಲ. ಹುಡುಗರು ಜಾಲಿಮುಳ್ಳು ಕಡಿದು ಅಗಸಿಗೆ ಹಚ್ಚಿದರು. ನಮ್ಮ ನ್ಯಾಯಬೆಲೆ ಅಂಗಡಿ ಮುಂದೆ ಸುಣ್ಣದಿಂದ ಗುಂಡು ಬರೆದು, ಸಾಲಾಗಿ ನಿಲ್ಲಿಸಿ ಅಕ್ಕಿ ಕೊಟ್ಟೆವು. ಅಲ್ಲಿಯ ತನಕ ಛಲೋ ನಡೆಯಿತು.

ಮೇ ತಿಂಗಳಿಗೆ ದುಡಿಯಲು ಹೋದವರು ಮುಂಬಯಿ, ಕೊಲ್ಲಾಪುರ ಕಡೆಯಿಂದ ಕೊಗನೊಳ್ಳಿ ನಾಕಾ ದಾಟಿ ಬರತೊಡಗಿದರು. ನಮ್ಮೂರಿನದೇ ಒಂದು ಮನೆತನ, ಗಂಡ, ಹೆಂಡತಿ, ಎಳೆಗೂಸು, ರಾತ್ರಿ ಅಗಸಿಗೆ ಬಂದು ನಿಂತಿತು. ಬೇಲಿ ತೆಗೆಯಲಿಲ್ಲ. "ಯಪ್ಪಾ, ಕೂಸಿಗರೆ ಹಾಲ ಕೊಡ್ರಿ" ಎಂದು ಆ ತಾಯಿ ಕೂಗಿದ್ದನ್ನು ನಾವು ಕೇಳಿದ್ದೇವೆ. ಹಾಲು ಮುಟ್ಟಿದ್ದು ಮುಂಜಾನೆ. ಮರುದಿನ ಅವರನ್ನು ಸಾಲಿಯಲ್ಲಿ ಇಟ್ಟರು, ಆಶಾ ಕಾರ್ಯಕರ್ತೆ ದಿನಾ ಹೋಗಿ ನೋಡಿದಳು, ಯಾರಿಗೂ ಏನೂ ಆಗಲಿಲ್ಲ. ಸಾಲಿ ಒಂದು ರಾತ್ರಿ ಮೊದಲೇ ತೆರೆದಿದ್ದರೆ ನಮ್ಮ ಗಂಟು ಏನು ಹೋಗುತ್ತಿತ್ತು? ಅವರನ್ನು ಬೇರೆ ಇಟ್ಟದ್ದು ಸರಿ. ಗಿಡದ ಬುಡಕ ಬಿಟ್ಟದ್ದು ಪಾಪ.

ಇನ್ನೊಂದು ಮಾತು. ನಮ್ಮ ಸದಸ್ಯರೊಬ್ಬರು ಜ್ವರ ಬಂದರೂ ಹೇಳಲಿಲ್ಲ. ಕೇಳಿದರೆ, "ನಾ ಹೇಳಿದ್ರ ನನ್ನ ಒಯ್ತೀರಿ. ನಾಕು ಎಮ್ಮಿಗೆ ಮೇವು ಯಾರ ಹಾಕ್ತಾರ? ಹಾಲ ಡೇರಿಗೆ ಯಾರ ಒಯ್ತಾರ?" ಅಂದರು. ಈ ಪ್ರಶ್ನೆಗೆ ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೇಲಿ ಸೋಲುವುದು ಮುಳ್ಳು ಕಡಿಮೆಯಾಗಿ ಅಲ್ಲ, ಇಂಥ ಪ್ರಶ್ನೆಗೆ ಉತ್ತರ ಇಲ್ಲದೆ.

2021ರಲ್ಲಿ ನಾವು ಬೇಲಿಯನ್ನೇ ಮರೆತೆವು. ನಮ್ಮ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ಇದೇ ಬ್ಯಾನಿಯಿಂದ ತೀರಿಕೊಂಡಿದ್ದರು. ಆ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಮತದಾನ ನಡೆದಾಗ ಎರಡನೆಯ ಅಲೆ ಎದ್ದಿತ್ತು. ಗೋಕಾಕ, ಅರಭಾವಿ ಭಾಗದ ನಾವು ಸಭೆಗಳಿಗೂ ಹೋದೆವು, ಲಗ್ನಗಳಿಗೂ ಹೋದೆವು. ಮೇ ತಿಂಗಳಿಗೆ ಹಳ್ಳಿ ಹಳ್ಳಿಯಲ್ಲಿ ಕೆಮ್ಮು. ಆಗ ಬೇಲಿ ಹಚ್ಚಿ ಉಪಯೋಗ ಇರಲಿಲ್ಲ; ಬ್ಯಾನಿ ಒಳಗೇ ಇತ್ತು. ಆ ತಿಂಗಳು ಹೋದವರ ಹೆಸರು ನಮ್ಮ ಷೇರು ಪುಸ್ತಕದಲ್ಲಿ ಇವೆ. ಇವತ್ತು ಈ ಮಂಟಪದಲ್ಲಿ ಅವರು ಇಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟೇ. ಬೇಲಿ ಬೇಗ ಬೀಳಬೇಕು, ಬೇಗ ತೆಗೆಯಬೇಕು. ಮನುಷ್ಯನನ್ನು ಬೇರೆ ಇಡಬೇಕು, ದೂರ ತಳ್ಳಬಾರದು. ಬೇರೆ ಇದ್ದವನ ಒಲೆ ಉರಿಯಬೇಕು, ಅವನ ದನಕ್ಕೆ ಮೇವು ಬೀಳಬೇಕು, ಅವನ ಹಾಲು ಡೇರಿಗೆ ಮುಟ್ಟಬೇಕು, ಆ ದಿನಗಳ ಮಟ್ಟಿಗೆ ಅವನ ಕಂತಿಗೆ ಯಾರೂ ಬಾಗಿಲು ಬಡಿಯಬಾರದು. ಮೊದಲನೆಯದು ಪಂಚಾಯತಿಯ ಕೆಲಸ, ಎರಡನೆಯದು ಆರೋಗ್ಯ ಇಲಾಖೆಯದು. ಮೂರನೆಯದನ್ನು ಸಂಘ ಅಲ್ಲದೆ ಮತ್ತ್ಯಾರು ಮಾಡಬೇಕು?

ಸಂಘಕ್ಕೆ ಇದು ಆಗುವ ಮಾತಲ್ಲ ಅನ್ನಬೇಡಿರಿ. ಹುಕ್ಕೇರಿಯಲ್ಲಿ 1969ರಿಂದ ಸಹಕಾರಿ ಸಂಘವೇ ಹಳ್ಳಿಗಳಿಗೆ ಕರೆಂಟು ಹಂಚುತ್ತ ಬಂದಿದೆ. ಘಟಪ್ರಭಾದಲ್ಲಿ ಸಹಕಾರಿ ತತ್ವದ ಮೇಲೆ ದವಾಖಾನೆಯೇ ನಿಂತಿದೆ. ನಾವು ಕೇಳುವುದು ಬರುವ ಸಾಮಾನ್ಯ ಸಭೆಯಲ್ಲಿ ಒಂದು ಠರಾವು: ವರ್ಷದ ಲಾಭದಲ್ಲಿ ಒಂದು ಸಣ್ಣ ಪಾಲು ಆಪತ್ಕಾಲದ ನಿಧಿಗೆ ಇಡಬೇಕು, ಓಣಿಗೆ ಇಬ್ಬರಂತೆ ಮೇವು-ಹಾಲು ನೋಡುವವರ ಹೆಸರು ಈಗಲೇ ಬರೆದಿಡಬೇಕು.

"ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ" ಎಂದು ನಮ್ಮ ಕಚೇರಿಯ ಗೋಡೆಯ ಮೇಲೆ ಬರೆದಿದೆ. ಹದಿನಾಲ್ಕು ದಿನ ಮನೆಯೊಳಗೆ ಕೂತವನು ಮೊದಲ ಅರ್ಧ ನಡೆಸಿಕೊಡುತ್ತಾನೆ. ಉಳಿದರ್ಧ ನಮ್ಮದು. ಮುಂದಿನ ಸಲ ಅಗಸಿ ಹೊರಗೆ ಕೂಸು ಅತ್ತರೆ, ಬೇಲಿ ಇರಲಿ, ಹಾಲು ಮಾತ್ರ ಅದೇ ರಾತ್ರಿ ಮುಟ್ಟಲಿ.

 ಜೈ ಸಹಕಾರ.