ಚಿತ್ರವಾಗಿ ಉಳಿದ ಅಕ್ಷರ



ದೃಷ್ಟಿ ಕುಂದಿದವರಿಗೆ ಕಂಪ್ಯೂಟರ್ ಹೇಗೆ ಒದಗಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಚರ್ಚೆ ಸಲಕರಣೆಗಳ ಪಟ್ಟಿಯಿಂದ ಶುರುವಾಗಿ ಅದೇ ಪಟ್ಟಿಯಲ್ಲಿ ಮುಗಿಯುತ್ತದೆ. ಯಾವ ತಂತ್ರಾಂಶ ಕೊಳ್ಳಬೇಕು, ದುಡ್ಡು ಯಾರು ಕೊಡಬೇಕು, ತರಬೇತಿ ಎಷ್ಟು ಜನಕ್ಕೆ ಆಗಬೇಕು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆದರೆ ಸಲಕರಣೆಗಳಿಗೆ ಈಗ ಬರವಿಲ್ಲ. ಪರದೆಯನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯರ್ ವಿಂಡೋಸ್ 98ರ ಕಾಲದಿಂದಲೇ ಕಂಪ್ಯೂಟರಿನ ಜೊತೆ ಪುಕ್ಕಟೆಯಾಗಿ ಬರುತ್ತಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಆರಂಭಿಸಿದ ಎನ್‌ವಿಡಿಎ ಎಂಬ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಕರನ್ ಸ್ವತಃ ಅಂಧರು. ಜಾಸ್‌ನಂಥ ದುಬಾರಿ ಸ್ಕ್ರೀನ್ ರೀಡರುಗಳ ಬೆಲೆ ಯಾರ ಬದುಕಿಗೆ ಅಡ್ಡ ನಿಲ್ಲುತ್ತದೆಂದು ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ. ಇದೇ ಕೆಲಸ ಮಾಡುವ ಐಫೋನಿನ ವಾಯ್ಸ್‌ಓವರ್, ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಎರಡೂ 2009ರಲ್ಲೇ ಬಂದವು. ಎನ್‌ವಿಡಿಎ ಬಳಸುವ ಇ-ಸ್ಪೀಕ್ ಎಂಬ ಧ್ವನಿಗೆ ಕನ್ನಡವೂ ಬರುತ್ತದೆ. ಓದಿ ಹೇಳಲು ಯಂತ್ರ ಸಿದ್ಧವಾಗಿ ಕುಳಿತಿದೆ, ಅದರ ಮುಂದೆ ನಾವು ಇಡುತ್ತಿರುವ ಕನ್ನಡ ಓದುವಂತಿಲ್ಲ ಎಂಬುದು ನನ್ನ ವಾದ. ಕೊರತೆ ಇರುವುದು ಓದುವವರ ಮೇಜಿನಲ್ಲಲ್ಲ, ಬರೆದು ಪ್ರಕಟಿಸುವವರ ಮೇಜಿನಲ್ಲಿ.

ಮೊದಲು ಯಾರ ವಿಷಯ ಮಾತಾಡುತ್ತಿದ್ದೇವೆಂಬುದು ಸ್ಪಷ್ಟವಾಗಲಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ಸಂಬಂಧಿ ಅಂಗವೈಕಲ್ಯ ಇರುವವರು ಸುಮಾರು 50 ಲಕ್ಷ. ಇವರೆಲ್ಲ ಏನೂ ಕಾಣದವರು ಎಂದು ಹೊರಗಿನವರು ತಿಳಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆಬೇರೆಯಾಗಿಯೇ ಗುರುತಿಸಿದೆ: ಕನ್ನಡಕ ಹಾಕಿದ ಮೇಲೂ ಹೆಚ್ಚು ಕಾಣುವ ಕಣ್ಣಿನ ಶಕ್ತಿ 6/18 ಮೀರದೆ 3/60ರವರೆಗೆ ಇದ್ದರೆ, ಅಥವಾ ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿದ್ದರೆ ಮಂದದೃಷ್ಟಿ. ಈ ಒಂದೇ ಹೆಸರಿನೊಳಗೆ ತೀರಾ ಭಿನ್ನವಾದ ಕಣ್ಣುಗಳಿವೆ. ಅಕ್ಷಿಪಟಲದ ನಡುಭಾಗ ಸವೆದವರಿಗೆ ಅಕ್ಷರ ದೊಡ್ಡದಾದಷ್ಟೂ ಅನುಕೂಲ. ಗ್ಲಾಕೋಮಾದಿಂದ ನೋಟ ಕೊಳವೆಯಷ್ಟೇ ಉಳಿದವರಿಗೆ ಅದೇ ಹಿಗ್ಗಿಸುವಿಕೆ ಶಿಕ್ಷೆ. ಅಕ್ಷರ ದೊಡ್ಡದಾದಷ್ಟೂ ಒಂದು ನೋಟಕ್ಕೆ ಸಿಗುವ ಪದ ಕಡಿಮೆಯಾಗುತ್ತದೆ. ಕಣ್ಣಿನ ಪೊರೆ ಬೆಳೆದವರಿಗೆ ಬಿಳಿ ಪರದೆಯ ಝಳವೇ ತೊಂದರೆ, ಕಪ್ಪು ನೆಲದ ಮೇಲೆ ತಿಳಿ ಅಕ್ಷರ ಬೇಕು. ಕೆಲವರು ಬೆಳಿಗ್ಗೆ ಕಣ್ಣಿನಿಂದ ಓದಿ, ಕಣ್ಣು ದಣಿದ ಸಂಜೆ ಕಿವಿಯಿಂದ ಓದುತ್ತಾರೆ. ಇಷ್ಟು ಬಗೆಯ ಓದುಗರಿಗೆ ಯಾವ ಒಂದು ಅಚ್ಚುಕಟ್ಟಾದ ಪುಟವೂ ಹೊಂದುವುದಿಲ್ಲ. ಗಾತ್ರ, ಬಣ್ಣ, ಸಾಲುಗಳ ಅಂತರ, ಸಾಲಿನ ಉದ್ದವನ್ನೆಲ್ಲ ಓದುವವರೇ ಬದಲಿಸಿಕೊಳ್ಳುವಂತಿರಬೇಕು, ಬೇಕೆಂದಾಗ ಧ್ವನಿಗೋ ಬ್ರೈಲ್‌ಗೋ ತಿರುಗಿಸಿಕೊಳ್ಳುವಂತಿರಬೇಕು. ಇದೆಲ್ಲಕ್ಕೂ ಬೇಕಾದದ್ದು ಒಂದೇ ಒಂದು ಸಂಗತಿ. ಕಡತದೊಳಗೆ ಇರುವುದು ಅಕ್ಷರವೆಂದು ಕಂಪ್ಯೂಟರಿಗೆ ಗೊತ್ತಿರಬೇಕು.

ಕನ್ನಡದ ಮಟ್ಟಿಗೆ ಈ ಸರಳ ಷರತ್ತೇ ದಶಕಗಟ್ಟಲೆ ಕಾಡಿದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಅದನ್ನು ತೋರಿಸಬಲ್ಲ ವ್ಯವಸ್ಥೆ ಸಾಮಾನ್ಯರ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಹೊತ್ತಿಗೆ. ಅಷ್ಟರಲ್ಲಿ ಕಚೇರಿಗಳೂ ಅಚ್ಚುಕೂಟಗಳೂ ಕಾಯುವಂತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಆಸ್ಕಿ ಫಾಂಟುಗಳು ಬಳಕೆಗೆ ಬಂದವು. ಅಂಥ ಫಾಂಟುಗಳನ್ನು ಒದಗಿಸಿದ ನುಡಿ ಮತ್ತು ಬರಹ ತಂತ್ರಾಂಶಗಳು ಆ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು. ಅವು ಇರದಿದ್ದರೆ ಆಡಳಿತದಲ್ಲಿ ಕನ್ನಡ ಟೈಪ್‌ರೈಟರಿನಲ್ಲೇ ಉಳಿಯುತ್ತಿತ್ತು. ಎರಡೂ ಆಮೇಲೆ ಯೂನಿಕೋಡನ್ನು ಒದಗಿಸಿವೆ. ನಾವು ಮಾತ್ರ ಹಳೆಯ ಫಾಂಟಿಗೇ ಅಂಟಿಕೊಂಡೆವು. ಅದರ ಪರಿಣಾಮ ಏನೆಂದರೆ, ಆ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದ ಕಡತವನ್ನು ಸ್ಕ್ರೀನ್ ರೀಡರ್ ತೆರೆದಾಗ ಅದಕ್ಕೆ ಸಿಗುವುದು ಪಿ ಎಂಬ ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಓರೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಎ. ಕಣ್ಣಿಗೆ ಕಂಡದ್ದು ಮಾತ್ರ ಕನ್ನಡ. ಕಿವಿಗೆ ಬೀಳುವುದು ಅರ್ಥವಿಲ್ಲದ ಒಂದು ಪಠಣ, ಬ್ರೈಲ್ ಫಲಕದ ಮೇಲೆ ಬೆರಳಿಗೆ ಸಿಗುವುದೂ ಅದೇ. ನಾಡಿನ ಹೆಸರನ್ನೇ ಪೌಂಡು ಸೇರಿಸಿ ಓದುವ ಯಂತ್ರವನ್ನು ದೂರುವುದು ಸುಲಭ. ಅದು ತನಗೆ ಕೊಟ್ಟಿದ್ದನ್ನು ಪ್ರಾಮಾಣಿಕವಾಗಿ ಓದಿದೆ.

ಎರಡನೆಯ ರೋಗ ಇನ್ನೂ ವಿಚಿತ್ರ. ಕಚೇರಿಗಳಲ್ಲಿ ಸುತ್ತೋಲೆಯನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಾರೆ, ಅಂದರೆ ಆ ಕ್ಷಣದಲ್ಲಿ ಅದು ಎಲ್ಲರೂ ಓದಬಲ್ಲ ಅಕ್ಷರ. ಬಳಿಕ ಅದನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಅಕ್ಷರವಾಗಿದ್ದದ್ದು ಚಿತ್ರವಾಯಿತು. ಅಂಧರಿಗೆ ಆ ಪುಟ ಖಾಲಿ. ಮಂದದೃಷ್ಟಿಯವರು ನಾಲ್ಕು ಪಟ್ಟು ಹಿಗ್ಗಿಸಿದರೆ ಅಂಚು ಕಿತ್ತುಹೋದ ಬೂದು ಮಚ್ಚೆಗಳು ಸಿಗುತ್ತವೆ, ಒಂದೊಂದು ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕು. ಸಹಿ ಇಲ್ಲದೆ ಆದೇಶಕ್ಕೆ ಬೆಲೆ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮಾನ್ಯತೆ ಕೊಟ್ಟಿದೆ. ಅದು ಬೇಡವೆಂದರೂ, ಸ್ಕ್ಯಾನ್ ಪ್ರತಿಯ ಪಕ್ಕದಲ್ಲಿ ಮೂಲ ಕಡತವನ್ನು ಇಡಲು ಯಾವ ಕಾನೂನಿನ ಅಡ್ಡಿ ಇದೆ? ಜಾಲತಾಣಗಳಿಗೆ ಹಾಕುವ ದಾಖಲೆ ಇ-ಪುಸ್ತಕದ ಇ-ಪಬ್ ರೂಪದಲ್ಲೋ ಅಕ್ಷರ ಗುರುತಿಸಿದ ಪಿಡಿಎಫ್ ರೂಪದಲ್ಲೋ ಇರಬೇಕೆಂದು ಅಂಗವಿಕಲರ ಹಕ್ಕುಗಳ 2017ರ ನಿಯಮಗಳ 15ನೇ ನಿಯಮ ಹೇಳಿತ್ತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮದ ಮೊದಲ ಉಪನಿಯಮವನ್ನು ರದ್ದುಮಾಡಿತು. ಕಾಯ್ದೆ ಕಡ್ಡಾಯವೆಂದದ್ದನ್ನು ನಿಯಮ ಬರೀ ಸಲಹೆಯ ಮಟ್ಟಕ್ಕೆ ಇಳಿಸಿದೆ, ಕಡ್ಡಾಯ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಕಾನೂನು ಇಷ್ಟು ಮುಂದೆ ಬಂದ ಮೇಲೆ ‘ಅನುಕೂಲವಾದಾಗ ಮಾಡುತ್ತೇವೆ’ ಎಂಬ ಮಾತಿಗೆ ಜಾಗವಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಈಗ ಚೆನ್ನಾಗಿ ಪಳಗಿದೆ, ಕೃತಕ ಬುದ್ಧಿಮತ್ತೆ ದಿನೇ ದಿನೇ ಬೆಳೆಯುತ್ತಿದೆ, ಹೀಗಿರುವಾಗ ಪ್ರತಿ ಗುಮಾಸ್ತನ ಅಭ್ಯಾಸ ತಿದ್ದಲು ಹೊರಡುವುದೇಕೆ ಎಂದು. ಓಸಿಆರ್ ಸಾಧನೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ಲಿಪಿ ಜ್ಞಾನಿ ಕನ್ನಡವನ್ನಷ್ಟೇ ಅಲ್ಲ, ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಗಮನದಲ್ಲಿಟ್ಟುಕೊಂಡು ಬಂದದ್ದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಚಿತ್ರಗಳಾಗಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳ ರಾಶಿಗೆ ಇದೇ ದಾರಿ; ಮೊಳೆ ಜೋಡಿಸಿ ಅಚ್ಚು ಮಾಡಿದ ಪುಟಕ್ಕೆ ಮೂಲ ಕಡತ ಎಲ್ಲಿಂದ ತರೋಣ? ಆದರೆ ಇವತ್ತು ಬೆಳಿಗ್ಗೆ ಅಕ್ಷರವಾಗಿ ಹುಟ್ಟಿದ್ದನ್ನು ಚಿತ್ರ ಮಾಡಿ, ಆ ಚಿತ್ರದಿಂದ ಮತ್ತೆ ಅಕ್ಷರ ಹೆಕ್ಕುವುದು ಹಿಟ್ಟು ಚೆಲ್ಲಿ ಮಣ್ಣಿನೊಂದಿಗೆ ಬಾಚಿಕೊಂಡಂತೆ. ಬಾಚಿದ್ದರಲ್ಲಿ ಎಷ್ಟು ಮಣ್ಣಿದೆ ಎಂದು ನೋಡಬೇಕಾದವರಿಗೆ ಕಣ್ಣು ಕಾಣುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಗದ್ಯದಲ್ಲಿ ಒಂದು ಕಾಗುಣಿತ ಜಾರಿದರೆ ಸಂದರ್ಭ ಕೈಹಿಡಿಯುತ್ತದೆ. ಕೋಷ್ಟಕದಲ್ಲಿ ಸರ್ವೆ ನಂಬರು, ಔಷಧದ ಪ್ರಮಾಣ, ಅರ್ಜಿಯ ಕೊನೆಯ ದಿನಾಂಕ ಜಾರಿದರೆ ಯಾವ ಸಂದರ್ಭವೂ ಕೈಹಿಡಿಯದು. ಕೃತಕ ಬುದ್ಧಿಮತ್ತೆಯ ತಪ್ಪು ಇನ್ನೂ ಅಪಾಯದ್ದು, ಏಕೆಂದರೆ ಅದು ತಪ್ಪನ್ನೂ ಸರಾಗವಾದ ವಾಕ್ಯದಲ್ಲೇ ಹೇಳುತ್ತದೆ. ಜೊತೆಗೆ ತನ್ನ ವೈದ್ಯಕೀಯ ವರದಿಯನ್ನೋ ಆಸ್ತಿಪತ್ರವನ್ನೋ ಓದಿಕೊಳ್ಳಲು ಯಾವುದೋ ದೂರದ ಸರ್ವರಿಗೆ ಕಳಿಸಬೇಕಾದ ಸ್ಥಿತಿ ದೃಷ್ಟಿ ಇರುವವರಿಗೆ ಇಲ್ಲ, ಇವರಿಗೇಕೆ ಇರಬೇಕು? ಹಳೆಯ ಆಸ್ಕಿ ಕಡತಗಳ ಮಟ್ಟಿಗಂತೂ ಊಹೆಯ ಅಗತ್ಯವೇ ಇಲ್ಲ. ಯಾವ ಚಿಹ್ನೆಗೆ ಯಾವ ತುಣುಕು ಎಂಬುದು ಗೊತ್ತಿರುವುದರಿಂದ ಪರಿವರ್ತಕ ತಂತ್ರಾಂಶ ಅವನ್ನು ನಿಯಮದ ಪ್ರಕಾರ ಯೂನಿಕೋಡಿಗೆ ತರಬಲ್ಲದು. ಅರ್ಕಾವೊತ್ತಿನ ಸ್ಥಾನ, ನಡುನಡುವೆ ಬಂದ ಇಂಗ್ಲಿಷ್ ಪದಗಳಂಥ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಬೇಕು.

ಪ್ರಕಾಶಕರ ಆಕ್ಷೇಪ ಬೇರೆ: ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ, ಡಿಟಿಪಿ ಮಾಡುವವರಿಗೆ ಕೈಪಳಗಿರುವುದು ಅದೇ, ಹೊಸ ಫಾಂಟುಗಳಲ್ಲಿ ಅಂದವಿಲ್ಲ ಎಂಬುದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ 2012ರಿಂದಲೇ ಕನ್ನಡ ಯೂನಿಕೋಡನ್ನು ಒಪ್ಪುತ್ತದೆ. ಕೈಪಳಗಿದ್ದನ್ನು ಬಿಡುವ ಕಷ್ಟ ನಿಜ, ಅದಕ್ಕೆ ತರಬೇತಿಯ ಹಣ ಬೇಕೆಂಬುದೂ ನಿಜ. ಅಂಗವಿಕಲರಿಗೆ ಮೀಸಲಾದ ಹಣದಲ್ಲಿ ಒಂದು ಪಾಲು ಡಿಟಿಪಿ ಕೆಲಸಗಾರರ ತರಬೇತಿಗೆ ಹೋಗಲಿ ಎಂದರೆ ಕೆಲವರಿಗೆ ವಿಚಿತ್ರವಾಗಿ ಕೇಳಿಸಬಹುದು. ಹತ್ತು ಕಂಪ್ಯೂಟರ್ ಹಂಚುವುದಕ್ಕಿಂತ ಅದು ಹೆಚ್ಚು ಜನರನ್ನು ಮುಟ್ಟುತ್ತದೆ ಎಂದೇ ನನ್ನ ನಂಬಿಕೆ. ಹಕ್ಕುಸ್ವಾಮ್ಯದ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಬಳಿಕ ಓದಲಾಗದವರಿಗಾಗಿ ಪುಸ್ತಕದ ರೂಪ ಬದಲಿಸುವುದು ಅದರ ಉಲ್ಲಂಘನೆಯಲ್ಲ. ಇಂಥ ಓದುಗರಿಗೆ ಪುಸ್ತಕ ಸಿಗುವಂತೆ ಮಾಡಲು ಆದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು.

ಬಳಸುವವರ ಸಂಖ್ಯೆ ಎಷ್ಟು, ಇಷ್ಟೆಲ್ಲ ಖರ್ಚು ಅದಕ್ಕೆ ತಕ್ಕುದೇ ಎಂಬ ಪ್ರಶ್ನೆಯೂ ಏಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, ಹುಡುಕಲು, ನಕಲಿಸಲು, ಮೊಬೈಲಿನಲ್ಲಿ ಓದಲು ಎಲ್ಲರಿಗೂ ಅಕ್ಷರರೂಪದ ಕಡತದಿಂದ ಲಾಭ ಎಂಬುದು. ವಚನ ಸಂಚಯ ಎಂಬ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಕಣ್ಣೆದುರು ಬಂದು ನಿಲ್ಲುವುದು ಅವು ಅಕ್ಷರವಾಗಿ ಇರುವುದರಿಂದಲೇ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಹೆಚ್ಚಿದಂತೆ ದೃಷ್ಟಿ ಕುಂದುವವರ ಸಂಖ್ಯೆ ಏರುತ್ತದೆಂಬ ಮಾತೂ ಸರಿ. ಆದರೂ ಈ ಸಮರ್ಥನೆಯ ಮೇಲೆ ಪೂರ್ತಿ ಭಾರ ಹಾಕಲು ನನಗೆ ಇಷ್ಟವಿಲ್ಲ. ಬಹುಜನರಿಗೆ ಲಾಭವಿರುವುದರಿಂದ ಹಕ್ಕು ಕೊಡುತ್ತೇವೆ ಎಂದರೆ, ಲಾಭವಿಲ್ಲದ ದಿನ ಕಿತ್ತುಕೊಳ್ಳಬಹುದು ಎಂದಂತಾಗುತ್ತದೆ. ಬ್ರೈಲ್ ಬಹುಜನರಿಗೆ ಉಪಯೋಗವಿಲ್ಲ. ಆದರೂ 1951ರಲ್ಲಿ ಭಾರತೀಯ ಭಾಷೆಗಳಿಗಾಗಿ ಭಾರತಿ ಬ್ರೈಲನ್ನು ಅಂಗೀಕರಿಸಲು ಅದು ಅಡ್ಡಿಯಾಗಲಿಲ್ಲ.

ಅಕ್ಷರ ಸಿಕ್ಕಿತೆಂದರೆ ಸಮಸ್ಯೆ ತೀರಿತು ಎಂದು ನಾನು ಹೇಳುತ್ತಿಲ್ಲ. ನಿಜವಾದ ಸಂಶೋಧನೆ ಶುರುವಾಗುವುದೇ ಅಲ್ಲಿಂದ. ಯೂನಿಕೋಡ್‌ನಲ್ಲೇ ಬರೆದ ಕನ್ನಡವೂ ಪಿಡಿಎಫ್ ಆಗುವಾಗ ಎಷ್ಟೋ ಸಲ ಒತ್ತಕ್ಷರಗಳು ಚದುರಿ, ಸ್ಕ್ರೀನ್ ರೀಡರಿಗೆ ಕಲಸುಮೇಲೋಗರ ಸಿಗುತ್ತದೆ. ಇದಕ್ಕೆ ಕಾರಣ ಪಿಡಿಎಫ್ ಅಕ್ಷರಗಳ ಕ್ರಮಕ್ಕಿಂತ ಅವುಗಳ ಆಕಾರವನ್ನು ನೆನಪಿಟ್ಟುಕೊಳ್ಳುವ ಮಾಧ್ಯಮವಾಗಿರುವುದು. ಆದ್ದರಿಂದ ಇ-ಪಬ್ಬನ್ನೋ ಸರಳ ಜಾಲಪುಟವನ್ನೋ ಪಕ್ಕದಲ್ಲಿಡುವುದು ಇಂದಿಗೆ ಕ್ಷೇಮ. ಇ-ಸ್ಪೀಕ್‌ನ ಧ್ವನಿ ಯಾಂತ್ರಿಕ ಎಂಬ ದೂರಿದೆ. ದಿನವಿಡೀ ಅದರಲ್ಲೇ ಕೆಲಸ ಮಾಡುವವರು ಮಾತಿನ ವೇಗ ಏರಿಸಿದಾಗಲೂ ಸ್ಪಷ್ಟವಾಗಿ ಕೇಳುವ ಆ ಯಾಂತ್ರಿಕ ಧ್ವನಿಯನ್ನೇ ಬಯಸಬಹುದು. ಅರವತ್ತರ ನಂತರ ದೃಷ್ಟಿ ಕಳೆದುಕೊಂಡವರಿಗೆ ಮನುಷ್ಯರ ಹಾಗೆ ಮಾತಾಡುವ ಧ್ವನಿಯೇ ಬೇಕು. ಎರಡೂ ಇರಲಿ.

ಕಣ್ಣಿನಿಂದಲೇ ಓದುವ ಮಂದದೃಷ್ಟಿಯವರ ಬಗ್ಗೆ ನಮ್ಮಲ್ಲಿ ಯೋಚನೆ ಇನ್ನೂ ಕಡಿಮೆ. ಜಾಗತಿಕ ಜಾಲ ಮಾನದಂಡಗಳು ಅಕ್ಷರಕ್ಕೂ ಹಿನ್ನೆಲೆಗೂ 4.5:1ರಷ್ಟು ಬಣ್ಣದ ವ್ಯತ್ಯಾಸ ಇರಲಿ, ದೊಡ್ಡ ಅಕ್ಷರಕ್ಕೆ 3:1 ಸಾಕು ಎನ್ನುತ್ತವೆ. ಈ ‘ದೊಡ್ಡದು’ ಎಂಬ ಅಳತೆ ಮೊದಲು ರೋಮನ್ ಲಿಪಿಯನ್ನು ಕಣ್ಣಮುಂದಿಟ್ಟು ಹುಟ್ಟಿದ್ದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ, ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತದೆ. ಸಾಲಿನ ಅಂತರ ಸಾಲದ ಪರದೆಯ ಗುಂಡಿಗಳಲ್ಲಿ (ಬಟನ್) ಅದರ ಬುಡವೇ ಕತ್ತರಿಸಿಹೋಗುತ್ತದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಎಷ್ಟೋ ಕಡೆ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ಅದು ಮಸುಕಾದರೆ ಧನಸಹಾಯ ದನಸಹಾಯವಾಗುತ್ತದೆ, ಪಶುಪಾಲನಾ ಇಲಾಖೆಯ ಅರ್ಜಿಯಲ್ಲಿ ಎರಡೂ ಹೊಂದುವುದರಿಂದ ಗೊಂದಲ ಇನ್ನೂ ಹೆಚ್ಚು. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಎರಡೂ ದುಂಡಗೇ ಇವೆ. ಮಂದದೃಷ್ಟಿಯ ಕನ್ನಡ ಓದುಗರಿಗೆ ಯಾವ ಫಾಂಟು, ಎಷ್ಟು ದಪ್ಪ, ಒತ್ತಿನ ಗಾತ್ರ ಎಷ್ಟು, ಸಾಲಿನ ಅಂತರ ಎಷ್ಟು ಎಂಬುದನ್ನು ನೇತ್ರತಜ್ಞರೂ ಲಿಪಿವಿನ್ಯಾಸಕರೂ ಒಟ್ಟಿಗೆ ಕೂತು, ಓದುಗರನ್ನೇ ಕೇಳಿ ಅಳೆಯಬೇಕು. ಇಲ್ಲಿ ಸೇರಿರುವವರಲ್ಲಿ ಈ ಎರಡೂ ವರ್ಗದವರಿದ್ದೀರಿ. ಗೋಷ್ಠಿಗಳಲ್ಲಿ ಸಲಕರಣೆಯ ಪ್ರಾತ್ಯಕ್ಷಿಕೆಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಈ ಅಳತೆಯ ಕೆಲಸಕ್ಕೆ ಕೊಡಬೇಕೆಂದು ಕೋರುತ್ತೇನೆ.

ಸಂಘಟಕರಲ್ಲಿ ಒಂದು ವಿನಂತಿ. ಇಲ್ಲಿ ಮಂಡನೆಯಾಗುವ ಪ್ರಬಂಧಗಳು ಸಂಪುಟವಾಗಿ ಬರುತ್ತವೆಂದು ತಿಳಿಸಿದ್ದೀರಿ. ಲೇಖಕರಿಂದ ಯೂನಿಕೋಡ್ ಕಡತವನ್ನೇ ಪಡೆಯಿರಿ, ಶೀರ್ಷಿಕೆಗಳನ್ನು ಶೀರ್ಷಿಕೆಯೆಂದೇ ಗುರುತು ಮಾಡಿಸಿ, ಪ್ರತಿ ಚಿತ್ರಕ್ಕೂ ನಕ್ಷೆಗೂ ಎರಡು ಸಾಲಿನ ವಿವರಣೆ ಬರೆಸಿ. ಅಚ್ಚಿಗೆ ಹೋಗುವ ಮುನ್ನ ಇ-ಪಬ್ ಕರಡನ್ನು ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೂ ಅಕ್ಷರ ಹಿಗ್ಗಿಸಿ ಓದುವ ಒಬ್ಬರಿಗೂ ಸಂಭಾವನೆ ಕೊಟ್ಟು ಓದಿಸಿ, ಅವರು ತಡವರಿಸಿದ ಜಾಗಗಳನ್ನು ತಿದ್ದಿದ ಮೇಲೆ ಮುದ್ರಣಕ್ಕೆ ಕಳಿಸಿ.